ಎಡಕ್ಕೆ ಅರ್ಧ ಹೆಜ್ಜೆ

ತೊಮಿಕೊ ಎರಡನೆಯ ಸಲವೂ ಕರಾಟೆ ಪರೀಕ್ಷೆಯಲ್ಲಿ ಕಪ್ಪು ಸೊಂಟಪಟ್ಟಿ ಸಿಗದೆ ಬಂದಳೆಂಬ ಸುದ್ದಿ ಅವಳಿಗಿಂತ ಮೊದಲೇ ಮಾರುಕಟ್ಟೆ ಸೇರಿತ್ತು. ನಾಹಾ ಪಟ್ಟಣದ ಮಾರುಕಟ್ಟೆಯ ಹೆಂಗಸರು ಮೀನು ಹಳಸಿದರೂ ಸಹಿಸಿಯಾರು, ಸುದ್ದಿ ಹಳಸಲು ಬಿಡುವವರಲ್ಲ. ಬೆಳಿಗ್ಗೆ ಅವಳು ಬಿಸಿ ಬಿಸಿ ತೋಫುವಿನ ತಟ್ಟೆಗಳನ್ನು ಗಾಡಿಯಿಂದ ಇಳಿಸುವ ಹೊತ್ತಿಗೆ ಎದುರು ಮಳಿಗೆಯ ಹರುಯೊ ಮೀನಿನ ಕತ್ತಿ ಮಸೆಯುತ್ತ ಕಾದೇ ಇದ್ದಳು.

"ಏನಮ್ಮಾ, ಈ ಸಲಾನೂ ಕಂದು ಪಟ್ಟೀನೇನಾ?"

"ಈ ಸಲಾನೂ ಅದೇ."

"ಏನಂತೆ ಅವರ ತಕರಾರು?"

"ಒಂದು ಹೆಜ್ಜೆ ಸರಿ ಇಲ್ವಂತೆ. ನಮ್ಮ ಗರಡೀಲಿ ಕಲಿಸೋದೇ ಹಾಗೆ ಕಣೇ, ನಾನೇನು ಮಾಡ್ಲಿ?"

"ಸರಿ ಬಿಡು. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

ಸುತ್ತಲಿನ ನಾಲ್ಕು ಮಳಿಗೆಯವರು ನಕ್ಕರು. ತೊಮಿಕೊ ಕೂಡ ನಕ್ಕಳು, ಆದರೆ ಆ ಮಾತು ಮುಳ್ಳಿನಂತೆ ಒಳಗೆ ಉಳಿಯಿತು. ಐವತ್ತೇಳು ವರ್ಷದ ಹೆಂಗಸು, ಮುಂಜಾನೆ ನಾಲ್ಕಕ್ಕೆದ್ದು ಸೋಯಾಕಾಳು ರುಬ್ಬಿ, ಕಾಯಿಸಿ, ಹಿಂಡಿ, ತೋಫು ಮಾಡಿ ಮಾರುವವಳು, ಸಂಜೆಯಾದರೆ ಬಿಳಿ ಅಂಗಿ ತೊಟ್ಟು ಗಾಳಿಗೆ ಗುದ್ದಲು ಹೋಗುತ್ತಾಳೆಂಬುದೇ ಕೆಲವರಿಗೆ ನಗುವ ವಿಷಯವಾಗಿತ್ತು. ಅದರಲ್ಲೂ ಎರಡು ಸಲ ನಪಾಸು ಎಂದರೆ ಹಬ್ಬದೂಟ.

ಅವಳು ಕರಾಟೆಗೆ ಬಿದ್ದದ್ದು ಹನ್ನೆರಡು ವರ್ಷದ ಹಿಂದೆ, ತೋಫುವಿನ ದೆಸೆಯಿಂದಲೇ. ಕುಂಬಾರರ ಕೇರಿ ತ್ಸುಬೊಯಾದಲ್ಲಿ ಜುಕೆರಾನ್ ಎಂಬ ಮುದುಕ ಗುರುಗಳ ಮನೆಗೆ ದಿನಾ ಒಂದು ತೋಫು ಹಾಕುತ್ತಿದ್ದಳು. ಮನೆಯ ಹಿಂದೆಯೇ ಅವರ ಗರಡಿ. ಒಂದು ಸಂಜೆ ಬಾಗಿಲಲ್ಲಿ ನಿಂತು ಒಳಗಿನವರ ಆಟ ನೋಡುತ್ತಿದ್ದಾಗ ಗುರುಗಳು ತಿರುಗದೆಯೇ ಹೇಳಿದ್ದರು: "ಬಾಗಿಲಲ್ಲಿರೋ ತೋಫು, ಭಾರವೆಲ್ಲ ಹಿಮ್ಮಡಿ ಮೇಲೆ ಬಿಟ್ಟಿದ್ದೀಯ. ಸೊಂಟ ನೋಯಲ್ವಾ?" ನಿಜವಾಗಿ ಸೊಂಟ ನೋಯುತ್ತಿತ್ತು. ಮರುದಿನ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೂರು ತಿಂಗಳಿಗೆ ಸೊಂಟದ ನೋವು ಹೋಯಿತು, ಆದರೆ ಅವಳು ಹೋಗುವುದು ಬಿಡಲಿಲ್ಲ.

ಗುರುಗಳಿಗೆ ಈಗ ಎಂಬತ್ತಾರು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿಗೆ ಬೆಳಕು ನೆರಳು ಮಾತ್ರ ಗೊತ್ತಾಗುತ್ತದೆ. ಅದರಿಂದ ಶಿಷ್ಯರಿಗೇನೂ ಅನುಕೂಲವಾಗಲಿಲ್ಲ. ಗೋಡೆಗೊರಗಿ ಕೂತು ಅವರು ಕಾಲಿನ ಸದ್ದು ಕೇಳುತ್ತಾರೆ. ಯಾರ ಮಂಡಿ ಬಾಗಿಲ್ಲ, ಯಾರು ಊಟ ಹೆಚ್ಚು ಮಾಡಿ ಬಂದಿದ್ದಾರೆ, ಶುರುವಿಗೆ ಮುಂಚೆ ಎಲ್ಲರೂ ಬಗ್ಗಿ ಒದ್ದೆ ಬಟ್ಟೆಯಿಂದ ನೆಲ ಒರೆಸುವಾಗ ಯಾರು ಮೂಲೆ ಬಿಟ್ಟರು, ಎಲ್ಲವೂ ಆ ಕಿವಿಗೆ ಗೊತ್ತು. ಕಣ್ಣಿದ್ದಾಗಲೇ ವಾಸಿಯಿತ್ತು, ಆಗ ಬೆನ್ನಾದರೂ ತಿರುಗಿಸುತ್ತಿದ್ದರು ಎಂದು ಹಳೆಯ ಶಿಷ್ಯರು ಗೊಣಗುತ್ತಾರೆ.

ಈಗ ಆ ತಕರಾರಿನ ಹೆಜ್ಜೆಯ ವಿಚಾರ. ಎದುರಾಳಿ ಇದ್ದಾನೆಂದುಕೊಂಡು ಒಬ್ಬರೇ ಆಡುವ ಕಾಳಗಕ್ಕೆ ಕಟಾ ಎನ್ನುತ್ತಾರೆ. ಪ್ರತಿ ಗರಡಿಗೂ ತನ್ನದೊಂದು ಕಟಾ, ಕುಲದೇವರಿದ್ದಂತೆ. ಜುಕೆರಾನ್ ಗರಡಿಯ ಕಟಾದಲ್ಲಿ ಮೂರನೆಯ ಗುದ್ದು ಆದಮೇಲೆ ಎಡಗಾಲು ನೇರ ಮುಂದೆ ಹೋಗಬೇಕು. ಹೋಗುವುದಿಲ್ಲ. ಅರ್ಧ ಹೆಜ್ಜೆ ಎಡಕ್ಕೆ ಸರಿದು, ಏನನ್ನೋ ಬಳಸಿದಂತೆ ಸುತ್ತಿ, ಮತ್ತೆ ಸಾಲಿಗೆ ಬರುತ್ತದೆ. ಅಂಗಾಲು ನೆಲಕ್ಕೆ ಸವರಿ 'ಸರ್' ಎಂದು ಸದ್ದಾಗುತ್ತದೆ. ಊರಿನ ಬೇರೆ ಯಾವ ಗರಡಿಯಲ್ಲೂ ಇದಿಲ್ಲ. ಅವರೆಲ್ಲ ಇದನ್ನು ಏಡಿ ಹೆಜ್ಜೆ ಎಂದು ಆಡಿಕೊಳ್ಳುತ್ತಾರೆ.

ಯಾಕೆ ಈ ಹೆಜ್ಜೆ ಎಂದು ಜುಕೆರಾನರನ್ನು ಯಾರೂ ಕೇಳಿರಲಿಲ್ಲ. ಅಲ್ಲಿ ಯಾಕೆ ಎಂದು ಕೇಳುವ ವಾಡಿಕೆಯಿಲ್ಲ. ಸಾವಿರ ಸಲ ಮಾಡಿದರೆ ಕಾಲೇ ಹೇಳುತ್ತದೆ ಎಂಬುದು ಉತ್ತರ. ಜುಕೆರಾನರೂ ತಮ್ಮ ಗುರು ಯಾಬಿಕು ಅವರನ್ನು ಕೇಳಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅವರ ಅಂಗಳಕ್ಕೆ ಹೋದವರು, ಗುರುವಿನ ಕಾಲು ಹೇಗೆ ಹೋಯಿತೋ ಹಾಗೆ ತಮ್ಮ ಕಾಲಿಟ್ಟರು. ಗುರು ಕಲಿಸಿದ ಕಟಾದಲ್ಲಿ ಕಿರುಬೆರಳು ಬದಲಿಸಿದರೂ ಕಳ್ಳತನ ಎಂದು ನಂಬಿದ ಕಾಲ ಅದು. ಆದರೆ ಗರಡಿಗೆ ಬರುವ ಈಗಿನ ಮಕ್ಕಳು ಕೇಳದೆ ಬಿಡುವುದಿಲ್ಲವಲ್ಲ. ಅವರಿಗಾಗಿ ಹಿರಿಯ ಶಿಷ್ಯ ಕೋಚಿ ಒಂದು ಕಾರಣ ಹೊಸೆದಿದ್ದ: "ಮುಂದಿನಿಂದ ಭರ್ಜಿ ಬರುತ್ತೆ, ಅದನ್ನ ತಪ್ಪಿಸ್ಕೊಳ್ಳೋದು." ಕೋಚಿ ಟ್ಯಾಕ್ಸಿ ಓಡಿಸುವವನು, ಮಾತಿಗೆ ಬರಗಾಲವಿಲ್ಲ. ವರ್ಷಗಳು ಕಳೆದಂತೆ ಆ ಭರ್ಜಿಗೆ ಉದ್ದ, ತೂಕ, ಹಿಡಿದವನ ಹೆಸರು ಕೂಡ ಬಂದವು.

ಆರು ವರ್ಷದ ಹಿಂದೆ ಊರಿನ ಗರಡಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದವು. ಅಂದಿನಿಂದ ಕಪ್ಪು ಪಟ್ಟಿ ಬೇಕಾದರೆ ಮೂವರು ಪರೀಕ್ಷಕರ ಮುಂದೆ ಕಟಾ ಆಡಿ ಒಪ್ಪಿಸಬೇಕು. ಮುಖ್ಯ ಪರೀಕ್ಷಕ ಇನಮಿನೆ, ಎಪ್ಪತ್ತರ ಉದ್ದನೆಯ ಮನುಷ್ಯ, ಸದಾ ಹಾಗಲಕಾಯಿ ರಸ ಕುಡಿದ ಮುಖ. ಮೊದಲ ಸಲ ಅವರು, "ಆ ಹೆಜ್ಜೆ ಯಾಕೆ?" ಎಂದಾಗ ತೊಮಿಕೊ ಭರ್ಜಿ ಎಂದಿದ್ದಳು. "ಯಾವ ಕಡೆಯಿಂದ ಬರುತ್ತೆ ತೋರಿಸಿ" ಎಂದರೆ ತೋರಿಸಲು ಆಗಲಿಲ್ಲ. ಎರಡನೆಯ ಸಲ, "ನಮ್ಮ ಗುರುಗಳು ಹೇಳಿಕೊಟ್ಟದ್ದು" ಎಂದಳು. ಇನಮಿನೆ ತಲೆಯಾಡಿಸಿ ಚೀಟಿಯಲ್ಲಿ ಬರೆದರು: 'ಹೆಜ್ಜೆ ಇದೆ. ಹೆಜ್ಜೆಯಲ್ಲಿ ಏನೂ ಇಲ್ಲ.'

ಮೂರನೆಯ ಸಲ ಬಿದ್ದವರು ಮೂರು ವರ್ಷ ಕಾಯಬೇಕೆಂದು ಸಂಘದ ನಿಯಮ. ತೊಮಿಕೊ ಕಾಯಬಲ್ಲಳು. ಆದರೆ ಗುರುಗಳು? ಅವಳ ಕಪ್ಪು ಪಟ್ಟಿ ಎರಡು ವರ್ಷದಿಂದ ಅವರ ಪೆಟ್ಟಿಗೆಯಲ್ಲಿ ಕರ್ಪೂರದ ಜೊತೆ ಮಲಗಿತ್ತು. "ಅದನ್ನ ನಾನೇ ಕಟ್ತೀನಿ. ಕಣ್ಣಿಲ್ಲದಿದ್ರೇನು, ಕೈಗೆ ಗಂಟು ಗೊತ್ತು" ಎಂದಿದ್ದರು. ಆ ಕೈ ಕಟ್ಟಿದ ಪಟ್ಟಿಯೇ ಅವಳಿಗೆ ಬೇಕಿತ್ತು. ಬೇರೆ ಯಾರೋ ಕಟ್ಟಿದ್ದು ಬೇಡವಾಗಿತ್ತು. ಅಷ್ಟೇ ಅವಳ ಆಸೆ, ಅದನ್ನವಳು ಯಾರ ಮುಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ತಿಂಗಳುಗಳು ಉರುಳಿ ಶರತ್ಕಾಲದ ಪರೀಕ್ಷೆಗೆ ಹತ್ತು ದಿನವಿದ್ದಾಗ ಗುರುಗಳು ಇನ್ನೊಂದು ಮಾತು ಸೇರಿಸಿದರು.

"ಈ ಸಲ ನಾನೂ ಬರ್ತೀನಿ."

"ನೀವ್ಯಾಕೆ ಮೇಷ್ಟ್ರೇ? ಅಷ್ಟು ದೂರ, ಸೆಕೆ ಬೇರೆ..."

"ಕೋಚಿ ಟ್ಯಾಕ್ಸೀಲಿ ಕರ್ಕೊಂಡು ಹೋಗ್ತಾನೆ. ಗೋಡೆ ಪಕ್ಕ ಕೂತು ಕೇಳ್ತೀನಿ."

ತೊಮಿಕೊಗೆ ಇದು ಬೇಡವಾಗಿತ್ತು. ಯಾಕೆಂದರೆ ಅವಳು ಈ ಸಲ ಆ ಹೆಜ್ಜೆಯನ್ನು ಬಿಟ್ಟುಬಿಡಬೇಕೆಂದು ಗುಟ್ಟಾಗಿ ನಿರ್ಧರಿಸಿದ್ದಳು. ನೇರ ಹೆಜ್ಜೆ ಹಾಕಿದರೆ ಪರೀಕ್ಷಕರಿಗೆ ಸರಿ, 'ಸರ್' ಎಂಬ ಸದ್ದು ಬಾರದಿದ್ದರೆ ಗೋಡೆ ಪಕ್ಕದ ಕಿವಿಗೆ ತಪ್ಪು. ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಅದನ್ನು ಕಟ್ಟುವ ಕೈ.

ಅವಳು ಕೋಚಿಯ ಬಳಿ ಗೋಳು ತೋಡಿಕೊಂಡಳು. ಅವನು ಟ್ಯಾಕ್ಸಿಯ ಗಾಜು ಒರೆಸುತ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಯಾರಿಗೂ ಹೇಳ್ಬೇಡ. ನಾನೂ ಕಪ್ಪು ಪಟ್ಟಿಯ ಎರಡನೇ ದರ್ಜೆ ಪರೀಕ್ಷೆಗೆ ಅದನ್ನ ಬಿಟ್ಟೆ. ಮೇಷ್ಟ್ರು ಅವತ್ತೂ ಬಂದಿದ್ರು. ಸರಿಯಾಗಿ ಆ ಜಾಗಕ್ಕೆ ಬಂದಾಗ ಜೋರಾಗಿ ಕೆಮ್ಮಿಬಿಟ್ಟೆ."

"ಅಯ್ಯೋ ಪಾಪಿ!"

"ಪಾಪ ಏನು ಬಂತು? ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋಬೇಕಾ? ನೀನೂ ಕೆಮ್ಮು."

"ನನಗೆ ಕೆಮ್ಮು ಬರಲ್ಲ ಕೋಚಿ ಅಣ್ಣ. ಸುಳ್ಳು ಕೆಮ್ಮಿಗೆ ಹೋದ್ರೆ ನಗು ಬರುತ್ತೆ."

ಗುರುವಾರ ಅವಳು ಎಂದಿನಂತೆ ಯಾಬಿಕು ಮನೆಗೆ ತೋಫು ಕೊಡಲು ಹೋದಳು. ಹೌದು, ಅದೇ ಯಾಬಿಕು ಗುರುವಿನ ಮನೆ. ಯುದ್ಧದಲ್ಲಿ ನಾಹಾ ಪೂರ್ತಿ ಸುಟ್ಟು ಬೂದಿಯಾದಾಗಲೂ ಕುಂಬಾರರ ಕೇರಿಯ ಈ ಮೂಲೆ ಹೇಗೋ ಉಳಿದುಕೊಂಡಿತ್ತು. ಅಲ್ಲೀಗ ಅವರ ಮಗಳು ಉಶಿ ಅಜ್ಜಿ ಇದ್ದಾಳೆ, ತೊಂಬತ್ತಾರು ವರ್ಷ. ಮುಂದಿನ ವರ್ಷ ತೊಂಬತ್ತೇಳು ತುಂಬಿದರೆ ಊರಿನ ವಾಡಿಕೆಯಂತೆ ಕೈಗೆ ಗಿರಗಿಟ್ಲೆ ಕೊಟ್ಟು, ಹೂವಿನ ಕಾರಿನಲ್ಲಿ ಕೂರಿಸಿ, ಮತ್ತೆ ಮಗುವಾದಳೆಂದು ಊರೆಲ್ಲ ಮೆರವಣಿಗೆ ಮಾಡುತ್ತಾರೆ. "ಈಗಲೇ ಮಗು ಥರ ಆಡ್ತಾಳೆ, ಇನ್ನು ಅಧಿಕೃತ ಆಗ್ಬೇಕು ಅಷ್ಟೇ" ಎನ್ನುತ್ತಾಳೆ ಸೊಸೆ.

ಅಜ್ಜಿ ಜಗಲಿಯಲ್ಲಿ ಕೂತು ಮೊಳಕೆಕಾಳಿನ ಬಾಲ ಮುರಿಯುತ್ತಿದ್ದಳು. ತೊಮಿಕೊ ತೋಫುವಿನ ಡಬ್ಬಿಯನ್ನು ಎಂದಿನ ಹಾಗೆ ಬಾಗಿಲ ಪಕ್ಕದ ಕಲ್ಲಿನ ಕಟ್ಟೆಯ ಮೇಲಿಟ್ಟಳು. ಕಟ್ಟೆಯೆಂದರೆ ನಡುವೆ ತೋಡಿದ ಉದ್ದನೆಯ ಕಲ್ಲು. ಒಳಗೆ ಮಣ್ಣು ತುಂಬಿ ಅಜ್ಜಿ ಈರುಳ್ಳಿ ಹೂವು ಬೆಳೆಸಿದ್ದಳು. ಹನ್ನೆರಡು ವರ್ಷದಿಂದ ತೊಮಿಕೊ ಅದರ ಅಂಚಿನ ಮೇಲೆ ಕೂತು ಎಷ್ಟೋ ಲೋಟ ಮಲ್ಲಿಗೆ ಚಹಾ ಕುಡಿದಿದ್ದಳು.

"ಒಂಚೂರು ಇರು, ಬಟ್ಟಲು ಹುಡುಕ್ತಿದ್ದಾಳೆ ಸೊಸೆ" ಎಂದಳು ಅಜ್ಜಿ.

ಬಟ್ಟಲು ಸಿಗುವುದು ತಡವಾಯಿತು. ಪರೀಕ್ಷೆ ತಲೆಯಲ್ಲಿ ತುಂಬಿದ್ದವರಿಗೆ ಸುಮ್ಮನೆ ನಿಲ್ಲಲು ಆಗುವುದಿಲ್ಲ. ತೊಮಿಕೊ ಕೈಗಳನ್ನು ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಬರೀ ಕಾಲಲ್ಲೇ ಕಟಾ ನಡೆಯತೊಡಗಿದಳು. ಮುಂದೆ, ಮುಂದೆ, ತಿರುಗು, ಒಂದು, ಎರಡು, ಮೂರು, ಎಡಗಾಲು ಸರಿದು ಸುತ್ತಿ ಸಾಲಿಗೆ.

ಹಿಂದೆ ಮೊಳಕೆಕಾಳಿನ ಮೊರ ಕೆಳಗೆ ಬಿದ್ದ ಸದ್ದು.

"ಅಯ್ಯಯ್ಯೋ! ಥೇಟ್ ನಮ್ಮಪ್ಪ! ಅವನ ಹಾಗೇ ಬಾನಿ ಸುತ್ತುತೀಯಲ್ಲೇ!"

"ಏನು ಸುತ್ತಿದೆ ಅಜ್ಜಿ?"

"ಬಾನಿ ಕಣೇ. ಹಂದಿ ಕಲಗಚ್ಚಿನ ಬಾನಿ." ಅಜ್ಜಿ ಬೆರಳು ಚಾಚಿ ಬಾಗಿಲ ಪಕ್ಕದ ಕಲ್ಲನ್ನು ತೋರಿಸಿದಳು. "ಅದು ಅಲ್ಲೇ ಇತ್ತು, ನೀನು ಕಾಲು ಸುತ್ತಿಸಿದ ಜಾಗದಲ್ಲೇ. ಹಿಂದೆ ಹಂದಿ ಗೂಡು. ನಾನು ಐದಾರು ವರ್ಷದೋಳು, ಬೆಳಿಗ್ಗೆ ಗೆಣಸಿನ ಸಿಪ್ಪೆ ತಂದು ಸುರೀತಿದ್ದೆ. ಅಪ್ಪ ಆಗಲೇ ಗುದ್ದು, ಒದೆ ಶುರು ಹಚ್ಕೊಂಡಿರ್ತಿದ್ದ. ಅಂಗಳ ಇರೋದೇ ಇಷ್ಟು. ಅವನು ಮುಂದೆ ಬರ್ಬೇಕಾದ್ರೆ ಬಾನಿ ಅಡ್ಡ. ಸುತ್ತಿ ಬರ್ತಿದ್ದ, ಇನ್ನೇನು ಮಾಡ್ತಾನೆ? ಹಂದಿ ಅವನಿಗಾಗಿ ಸರಿಯುತ್ತಾ?"

ತೊಮಿಕೊ ಕಲ್ಲಿನ ಬಳಿ ಹೋಗಿ ಅದರ ಅಂಚು ಮುಟ್ಟಿ ನೋಡಿದಳು.

"ಆಮೇಲೆ ಪೇಟೆ ಒಳಗೆ ಹಂದಿ ಸಾಕಬಾರದು ಅಂತ ಪೊಲೀಸಿನವರು ಬಂದು ಗೂಡು ಕೆಡವಿಸಿದ್ರು. ಬಾನೀನ ಬಾಗಿಲಿಗೆ ಎಳೆದು ಹಾಕಿದ್ವಿ. ಮಾರನೇ ದಿನ ನೋಡ್ತೀವಿ, ಅಪ್ಪ ಇನ್ನೂ ಸುತ್ತುತಿದ್ದಾನೆ! ಅಮ್ಮ ಬಿದ್ದು ಬಿದ್ದು ನಕ್ಕಳು. 'ಬಾನಿ ಹೋಯ್ತಲ್ರೀ, ಇನ್ನೂ ಯಾಕೆ ಸುತ್ತೋದು?' ಅಂದ್ರೆ, 'ನನಗೆ ಗೊತ್ತು ಕಣೇ, ಕಾಲಿಗೆ ನೀನೇ ಹೇಳು' ಅಂದ."

"ಮತ್ತೆ ಶಿಷ್ಯರಿಗೆ? ನಮ್ಮ ಜುಕೆರಾನ್ ಮೇಷ್ಟ್ರಿಗೆ?"

"ಆ ಹುಡುಗ ಬಂದದ್ದು ಎಷ್ಟೋ ವರ್ಷ ಆದಮೇಲೆ. ಅವನಾಗಲಿ ಇನ್ನೊಬ್ಬನಾಗಲಿ ಕೇಳಲೇ ಇಲ್ವಲ್ಲ. ಅಪ್ಪ ಕೇಳದೆ ಮಾತಾಡೋನಲ್ಲ. ಇನ್ನು ಚಹಾ ತಂದಿಡೋ ಹೆಣ್ಣುಮಗಳನ್ನ ಯಾವ ಗಂಡಸು ಕೇಳ್ತಾನೆ?" ಅಜ್ಜಿ ಮೊಳಕೆಕಾಳು ಆರಿಸುತ್ತ ಸೇರಿಸಿದಳು, "ಒಳ್ಳೇ ಹಂದಿ. ಕಪ್ಪಗೆ, ದುಂಡಗೆ ಇತ್ತು. ಮೂತಿ ಹಾಕಿದ್ರೆ ಬಾನಿ ತಳ ಕಾಣೋವರೆಗೂ ತಲೆ ಎತ್ತುತಿರಲಿಲ್ಲ."

ತೊಮಿಕೊಗೆ ಮೊದಲು ನಗು ಬಂತು. ದಾರಿಯುದ್ದಕ್ಕೂ ಗಾಡಿ ತಳ್ಳುತ್ತ ನಕ್ಕಳು. ಭರ್ಜಿಯಂತೆ! ಕೋಚಿಯ ಏಳು ಅಡಿ ಭರ್ಜಿ! ಆಮೇಲೆ ಮನೆ ಹತ್ತಿರ ಬರುತ್ತಿದ್ದಂತೆ ನಗು ಇಳಿದು ಹೆದರಿಕೆಯಾಯಿತು. ಎಪ್ಪತ್ತೈದು ವರ್ಷ ಒಬ್ಬ ಮನುಷ್ಯ ಗುರುವಾಕ್ಯವೆಂದು ಕಾಪಾಡಿಕೊಂಡು ಬಂದದ್ದು ಹಂದಿಯ ಬಾನಿ ಎಂದು ಅವರಿಗೆ ಯಾರು ಹೇಳುವುದು? ಯುದ್ಧದಲ್ಲಿ ಮನೆ, ಅಣ್ಣ, ಎಲ್ಲ ಹೋದಮೇಲೆ ಅವರ ಬಳಿ ಉಳಿದದ್ದು ಈ ಕಟಾ ಒಂದೇ. ಅದನ್ನವರು ಗರಡಿಯಲ್ಲಿ ಒಮ್ಮೆ ಮಾತ್ರ ಹೇಳಿದ್ದರು, ಬಹಳ ಸಣ್ಣ ದನಿಯಲ್ಲಿ.

ಕೋಚಿಗೆ ಹೇಳಿದರೆ ಅವನು ಟ್ಯಾಕ್ಸಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಕಣ್ಣೀರು ಬರುವಂತೆ ನಕ್ಕ. ಬಳಿಕ ಅವನೂ ಗಂಭೀರನಾದ.

"ಮೇಷ್ಟ್ರ ಕಿವಿಗೆ ಬೀಳಬಾರದು. ನೀನಂತೂ ಈಗ ನೆಮ್ಮದಿಯಾಗಿ ಬಿಡು ಆ ಹೆಜ್ಜೇನ. ಹಂದೀನೇ ಇಲ್ಲದ ಮೇಲೆ ಬಾನಿ ಯಾಕೆ? ಆ ಜಾಗಕ್ಕೆ ಬಂದಾಗ ನಾನು ಕೆಮ್ಮುತೀನಿ, ನಿನ್ನ ಪರವಾಗಿ."

ಅವಳು ಒಪ್ಪಿದಳು. ಒಪ್ಪಿ, ಉಳಿದ ದಿನಗಳಲ್ಲಿ ಮನೆಯ ಹಿಂದೆ ಸೋಯಾಹಾಲಿನ ಹಂಡೆಗಳ ನಡುವೆ ನೇರ ಹೆಜ್ಜೆ ಹಾಕುವುದನ್ನು ರೂಢಿ ಮಾಡಿದಳು. ಗರಡಿಯಲ್ಲಿ ಮಾತ್ರ ಹಳೆಯ ಹೆಜ್ಜೆ. ಗುರುಗಳು ಒಂದು ಸಂಜೆ, "ನಿನ್ನ ಎಡಗಾಲು ಎರಡು ಮನಸ್ಸು ಮಾಡ್ತಿದೆ" ಎಂದರು.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಸಭಾಂಗಣದ ಕಿಟಕಿಗಳೆಲ್ಲ ತೆರೆದಿದ್ದವು, ಹೊರಗೆ ಜೀರುಂಡೆಗಳು ಒಂದೇ ಸಮನೆ ಕೂಗುತ್ತಿದ್ದವು. ಮೂವರು ಪರೀಕ್ಷಕರು ಮೇಜಿನ ಹಿಂದೆ, ನಡುವೆ ಇನಮಿನೆ. ಎಡಗೋಡೆಯ ಪಕ್ಕ ಗುರುಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅವರ ತೊಡೆಯ ಮೇಲೆ ಬಟ್ಟೆಯ ಗಂಟು. ಒಳಗಿರುವುದು ಪಟ್ಟಿಯೆಂದು ತೊಮಿಕೊಗೆ ಗೊತ್ತಾಯಿತು. ಸಿಕ್ಕೇ ಸಿಗುತ್ತದೆಂದು ಪೆಟ್ಟಿಗೆಯಿಂದ ತೆಗೆದು ತಂದಿದ್ದರು. ಪಕ್ಕದಲ್ಲಿ ಕೋಚಿ ಕೆಮ್ಮಿಗೆ ಸಿದ್ಧನಾಗಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದ.

ಅವಳ ಹೆಸರು ಕೂಗಿದರು. ಬಗ್ಗಿ ನಮಸ್ಕರಿಸಿ ನಡುವೆ ನಿಂತಳು. ಶುರುವಾದ ಮೇಲೆ ಭಯವಿರಲಿಲ್ಲ. ಹಂಡೆ ಎತ್ತಿ ಎತ್ತಿ ಗಟ್ಟಿಯಾದ ಭುಜ, ಹನ್ನೆರಡು ವರ್ಷ ಒರೆಸಿದ ನೆಲದ ಮೇಲೆ ಹದವಾದ ಪಾದ. ಮುಂದೆ, ಮುಂದೆ, ತಿರುಗು. ಒಂದು. ಎರಡು. ಮೂರನೆಯ ಗುದ್ದು ಕೊನೆಗೆ ತಲುಪಿತು. ಇನ್ನು ನೇರ ಹೆಜ್ಜೆ, ಅಷ್ಟೇ.

ಅಷ್ಟರಲ್ಲಿ ಅವಳಿಗೆ ಹಂದಿ ಕಂಡಿತು. ಕಪ್ಪಗೆ, ದುಂಡಗೆ, ಬಾನಿಯಲ್ಲಿ ಮೂತಿ ಹಾಕಿ ಗೆಣಸಿನ ಸಿಪ್ಪೆ ತಿನ್ನುತ್ತಿತ್ತು. ಆಚೆ ಐದು ವರ್ಷದ ಒಂದು ಹೆಣ್ಣುಮಗು ಬುಟ್ಟಿ ಹಿಡಿದು ನಿಂತಿತ್ತು. ಅನ್ನ ಬೇಯಿಸಿ ಬದುಕುವ ಯಾವ ಹೆಂಗಸು ತಾನೇ ತಿನ್ನುವ ಬಾಯಿಯ ಮುಂದಿನ ತಟ್ಟೆಗೆ ಕಾಲಿಡುತ್ತಾಳೆ? ಎಡಗಾಲು ತಾನಾಗಿ ಸರಿಯಿತು. ಕಲ್ಲಿನ ಅಂಚಿಗೆ ತಾಗದಂತೆ, ಹಂದಿ ಬೆದರದಂತೆ, ಭಾರವನ್ನು ಬಲಗಾಲಿನಲ್ಲೇ ಹಿಡಿದು ಮೆಲ್ಲಗೆ ಸುತ್ತಿ ಸಾಲಿಗೆ ಬಂತು. 'ಸರ್' ಎಂದು ಸದ್ದು ಸಭಾಂಗಣದ ಆ ತುದಿಯವರೆಗೆ ಕೇಳಿಸಿತು. ಅದರ ಹಿಂದೆಯೇ ಕೋಚಿ ಯಾರ ಪ್ರಯೋಜನಕ್ಕೂ ಬಾರದಂತೆ ಜೋರಾಗಿ ಕೆಮ್ಮಿದ.

ಕಟಾ ಮುಗಿಯಿತು. ಆಯಿತು, ಇನ್ನು ಮೂರು ವರ್ಷ ಎಂದುಕೊಂಡು ತೊಮಿಕೊ ಬೆವರು ಒರೆಸದೆ ನಿಂತಳು. ಇನಮಿನೆ ಅವಳ ಎಡಗಾಲಿನತ್ತ ಲೇಖನಿ ತೋರಿಸಿದರು.

"ಮೂರನೇ ಗುದ್ದು ಆದಮೇಲೆ ಒಂದು ಹೆಜ್ಜೆ ಬಂತಲ್ಲ. ಅಲ್ಲಿ ಏನಿದೆ?"

ಭರ್ಜಿ ಎನ್ನಬಹುದಿತ್ತು. ಗುರುಗಳು ಹೇಳಿಕೊಟ್ಟದ್ದು ಎನ್ನಬಹುದಿತ್ತು. ಎರಡನ್ನೂ ಒಮ್ಮೊಮ್ಮೆ ಹೇಳಿ ಆಗಿತ್ತು. ಗೋಡೆಯ ಕಡೆ ನೋಡಿದರೆ ಗುರುಗಳ ಬಿಳಿಗಣ್ಣು ಅವಳತ್ತ ತಿರುಗಿತ್ತು, ತಲೆ ಸ್ವಲ್ಪ ವಾಲಿತ್ತು. ಆ ಕಿವಿಗೆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಹಂದಿ ಬಾನಿ, ಸ್ವಾಮಿ."

"ಏನು?"

"ಕಲಗಚ್ಚಿನ ಕಲ್ಲುಬಾನಿ. ಯಾಬಿಕು ಗುರುಗಳ ಅಂಗಳದಲ್ಲಿ ಅಲ್ಲೇ ಇತ್ತು. ಅವರು ಅದನ್ನ ಸುತ್ತಿ ಬರ್ತಿದ್ರು. ಬಾನಿ ತೆಗೆದ ಮೇಲೂ ಕಾಲು ಮರೀಲಿಲ್ಲ. ಅವರ ಮಗಳೇ ಹೇಳಿದ್ದು."

"ಬಾನಿ..." ಇನಮಿನೆ ಲೇಖನಿ ಕೆಳಗಿಟ್ಟರು. "ಖಾಲೀನಾ, ಹಂದಿ ಇತ್ತಾ?"

"ಹಂದಿ ಇತ್ತು. ಕಪ್ಪು ಹಂದಿ. ತಿಂತಾ ಇತ್ತು."

ಮೊದಲು ಬಂದದ್ದು ಗೋಡೆಯ ಕಡೆಯಿಂದ, ಹಳೆಯ ಬಾಗಿಲು ಕಿರುಗುಟ್ಟಿದಂಥ ಸದ್ದು. ಗುರುಗಳಿಗೆ ಏನೋ ಆಯಿತೆಂದು ಕೋಚಿ ಗಾಬರಿಯಿಂದ ಭುಜ ಹಿಡಿದ. ಅವರು ನಗುತ್ತಿದ್ದರು. ನೆಟ್ಟಗಿನ ಬೆನ್ನು ಬಾಗಿ, ಬಟ್ಟೆಯ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು, ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದರು. "ಹಂದಿ ಬಾನಿ!" ಎಂದರು. "ಎಪ್ಪತ್ತೈದು ವರ್ಷ! ಯಾಬಿಕು ಮೇಷ್ಟ್ರೇ, ಒಂದು ಮಾತು ಹೇಳೋದಲ್ವೇ!" ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಕಂಡು ಮೊದಲು ಮಕ್ಕಳು, ಆಮೇಲೆ ಉಳಿದವರು, ಕೊನೆಗೆ ಹಾಗಲಕಾಯಿ ಮುಖದ ಇನಮಿನೆ ಕೂಡ ನಕ್ಕರು. ಅವರಿಗೆ ಇಷ್ಟು ದೊಡ್ಡ ಹಲ್ಲುಗಳಿವೆಯೆಂದು ಅಂದೇ ಊರಿಗೆ ಗೊತ್ತಾದದ್ದು.

ನಗು ನಿಂತ ಮೇಲೆ ಇನಮಿನೆ ತೊಮಿಕೊಳ ಕಡೆ ತಿರುಗಿದರು.

"ಹೋದ ಸಲ ನಾನು ಏನು ಬರೆದಿದ್ದೆ, ನೆನಪಿದೆಯಾ?"

"ಹೆಜ್ಜೇಲಿ ಏನೂ ಇಲ್ಲ ಅಂತ."

"ಹೆಜ್ಜೆ ತೆಗೀರಿ ಅಂತ ಬರೆದಿದ್ನಾ?"

ಇಲ್ಲವೆಂದು ತೊಮಿಕೊ ತಲೆಯಲ್ಲಾಡಿಸಿದಳು.

"ನಿಮ್ಮ ಗರಡಿಯೋರನ್ನ ಆರು ವರ್ಷದಿಂದ ನೋಡ್ತಿದ್ದೀನಿ. ಒಬ್ಬರು ಭರ್ಜಿ ಅಂತಾರೆ, ಕಣ್ಣಲ್ಲಿ ಭರ್ಜಿ ಇರಲ್ಲ. ಒಬ್ಬರು ಹೆಜ್ಜೇನೇ ನುಂಗಿ ಕೆಮ್ಮುತಾರೆ." ಕೋಚಿ ಚಾವಣಿ ನೋಡಿದ. "ಇವತ್ತು ನೀವು ಕಾಲಿಟ್ಟಾಗ ಅಲ್ಲಿ ಏನೋ ಇದೆ ಅಂತ ನನಗೂ ಕಾಣಿಸ್ತು. ಏನು ಅಂತ ಮಾತ್ರ ಗೊತ್ತಾಗಲಿಲ್ಲ, ಅದಕ್ಕೇ ಕೇಳಿದೆ." ಅಕ್ಕಪಕ್ಕದವರ ಮುಖ ನೋಡಿ ಚೀಟಿಗೆ ಮೊಹರು ಒತ್ತಿದರು. "ಪಾಸು."

ತೊಮಿಕೊ ಮೇಜಿನ ಕಡೆಗೆ ಬಗ್ಗಿ ನಮಸ್ಕರಿಸಿದಳು. ಅವಳು ಗುರುಗಳ ಮುಂದೆ ಹೋಗಿ ಮಂಡಿಯೂರಿ ಪಟ್ಟಿಗಾಗಿ ಸೊಂಟ ನೆಟ್ಟಗೆ ಮಾಡಿದಳು. ಗುರುಗಳು ಗಂಟನ್ನು ಬಿಚ್ಚಲಿಲ್ಲ.

"ಇಲ್ಲಿ ಬೇಡ. ಆ ಬಾನಿ ಇನ್ನೂ ಇದೆಯಾ?"

"ಇದೆ ಮೇಷ್ಟ್ರೇ. ಉಶಿ ಅಜ್ಜಿ ಈರುಳ್ಳಿ ಹಾಕಿದ್ದಾಳೆ."

"ಹಾಗಾದ್ರೆ ಅಲ್ಲಿಗೆ ನಡೀರಿ. ಕೋಚಿ, ಟ್ಯಾಕ್ಸಿ ತೆಗಿ. ದಾರೀಲಿ ಕೆಮ್ಮಬೇಡ."

ಉಶಿ ಅಜ್ಜಿ ಅವರನ್ನೆಲ್ಲ ನೋಡಿ ಆಶ್ಚರ್ಯಪಡಲಿಲ್ಲ. ತೊಂಬತ್ತಾರಕ್ಕೆ ಆ ಅಭ್ಯಾಸ ಹೋಗಿರುತ್ತದೆ. ಆದರೆ ಈರುಳ್ಳಿಯ ವಿಷಯದಲ್ಲಿ ಜಗಳವಾಡಿದಳು. ಕೊನೆಗೆ ಗಿಡಗಳನ್ನು ಬೇರು ಸಮೇತ ಬಕೆಟ್ಟಿಗೆ ಹಾಕಿ, ಮಣ್ಣು ಸುರಿದು, ಕೋಚಿ ಮತ್ತು ಹಿಂದೆಯೇ ಬಂದಿದ್ದ ಇನ್ನಿಬ್ಬರು ಬಲವಾದ ಶಿಷ್ಯರು ಏದುಸಿರು ಬಿಡುತ್ತ ಬಾನಿಯನ್ನು ಅಂಗಳದ ನಡುವಿಗೆ ಎಳೆದು ತಂದರು. ಅಜ್ಜಿ ಜಗಲಿಯಿಂದಲೇ ಅಪ್ಪಣೆ ಕೊಟ್ಟಳು: ಇನ್ನೊಂಚೂರು ಆ ಕಡೆ, ಅಷ್ಟಲ್ಲ, ಬಾವಿ ಕಡೆ ತಿರುಗಿಸಿ, ಹಾಂ, ನೆಲದಲ್ಲಿ ಆ ಚಪ್ಪಡಿ ಇದೆಯಲ್ಲ, ಅದಕ್ಕೆ ಕೂಡಿಸಿ. ಚಪ್ಪಡಿಯಲ್ಲಿ ಹಳೆಯ ತಗ್ಗಿತ್ತು. ಬಾನಿ ಅದರಲ್ಲಿ ಸರಿಯಾಗಿ ಕೂತಿತು.

ಗುರುಗಳು ಬಗ್ಗಿ ಕೈಯಿಂದ ಅಂಚು ಸವರಿದರು, ಉದ್ದ ನೋಡಿದರು, ಅಗಲ ನೋಡಿದರು. ಚಪ್ಪಲಿ ಕಳಚಿದರು.

"ನನ್ನನ್ನ ಅಂಗಳದ ತುದಿಗೆ ನಿಲ್ಲಿಸಿ. ಎಲ್ಲಿ ನಿಲ್ಲಬೇಕು ಅಂತ ನನಗೆ ಗೊತ್ತು, ಜಾಗ ಮರೆತಿಲ್ಲ. ಬಾನಿ ಹತ್ರ ಬಂದಾಗ ಯಾರೂ ಕೂಗಬೇಡಿ."

"ಕಲ್ಲಿಗೆ ಕಾಲು ಬಡಿದ್ರೆ ಬೆರಳು ಮುರಿಯುತ್ತೆ ಮೇಷ್ಟ್ರೇ" ಎಂದಳು ತೊಮಿಕೊ.

"ಬಡಿದ್ರೆ ತಪ್ಪು ನನ್ನದು ಅಂತಾಯ್ತು."

ಎಂಬತ್ತಾರರ ಕುರುಡು ಮುದುಕ ಕಟಾ ಶುರು ಮಾಡಿದರು. ವೇಗವಿಲ್ಲ, ಎತ್ತರವಿಲ್ಲ, ಆದರೆ ಒಂದೊಂದು ಹೆಜ್ಜೆಯೂ ಮೊಳೆ ಹೊಡೆದ ಹಾಗೆ. ಮುಂದೆ, ಮುಂದೆ, ತಿರುಗು. ಒಂದು. ಎರಡು. ಮೂರು. ಎಡಗಾಲು ನೆಲ ಸವರುತ್ತ ಸರಿಯಿತು, ಕಲ್ಲಿನ ಮೂಲೆಯ ಬಳಿ ಬಂತು, ಅದರ ಅಂಚಿನ ಉದ್ದಕ್ಕೂ ಸುತ್ತಿತು, ಆಚೆ ಬದಿಗೆ ಇಳಿದು ಸಾಲಿಗೆ ಸೇರಿತು. ಕಾಲಿಗೂ ಕಲ್ಲಿಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ಮೊದಲಿಂದ ಕೊನೆಯವರೆಗೆ ಒಂದೇ ಬೆರಳು.

ಆ ಜಾಗದಲ್ಲಿ ಅವರೆಂದೂ ಕಣ್ಣಾರೆ ಕಾಣದ ಬಾನಿಯ ಅಳತೆ ಅವರ ಕಾಲಿನಲ್ಲಿತ್ತು. ನಿನ್ನೆಯವರೆಗೆ ತಾನು ನಕ್ಕಿದ್ದ ಆ ಹೆಜ್ಜೆಯ ಬಗ್ಗೆ ತೊಮಿಕೊಗೆ ಈಗ ಹೆಮ್ಮೆಯೆನಿಸಿತು, ಹೇಳಲಾರದಷ್ಟು ಹೆಮ್ಮೆ. ಕೋಚಿ ಮೂಗು ಒರೆಸಿಕೊಂಡ.

"ತಾಗ್ತಾ?" ಎಂದು ಕೇಳಿದರು ಗುರುಗಳು, ನಿಂತಲ್ಲಿಂದಲೇ.

"ಇಲ್ಲ ಮೇಷ್ಟ್ರೇ. ಒಂದು ಬೆರಳು ಬಿಟ್ಟು ಹೋಯ್ತು."

"ಹಾಂ." ಅಷ್ಟೇ ಅಂದರು. ಆಮೇಲೆ ತಡವುತ್ತ ಬಂದು ಬಾನಿಯ ಅಂಚಿನ ಮೇಲೆ ಕೂತರು, ಬಟ್ಟೆಯ ಗಂಟು ಬಿಚ್ಚಿದರು. ಕರ್ಪೂರದ ವಾಸನೆ ಬಂತು. "ಬಾ, ತೋಫು."

ಅವಳು ಮುಂದೆ ಮಂಡಿಯೂರಿದಳು. ಆ ಕೈಗಳು ಅವಳ ಸೊಂಟ ಬಳಸಿ ಪಟ್ಟಿ ಸುತ್ತಿ, ಎರಡೂ ತುದಿ ಸಮ ಇದೆಯೇ ಎಂದು ಎಳೆದು ನೋಡಿ, ಗಂಟು ಹಾಕಿ ಬಿಗಿದವು. ಅವಳು ಅಳಬಾರದೆಂದುಕೊಂಡಿದ್ದಳು, ಅತ್ತುಬಿಟ್ಟಳು. ಗುರುಗಳು ಗಂಟಿನ ಮೇಲೆ ಎರಡು ಸಲ ತಟ್ಟಿದರು.

ಜಗಲಿಯ ಮೇಲಿಂದ ಉಶಿ ಅಜ್ಜಿ ಇದನ್ನೆಲ್ಲ ನೋಡುತ್ತ ಕೊನೆಯ ಮೊಳಕೆಕಾಳಿನ ಬಾಲ ಮುರಿದಳು.

"ಅತ್ತದ್ದು ಸಾಕು, ಚಹಾ ಆಗಿದೆ ಬನ್ನಿ" ಎಂದಳು. "ಬಾನಿ ಅಲ್ಲೇ ಇರ್ಲಿ. ಈರುಳ್ಳೀನ ಅಲ್ಲೇ ನೆಟ್ಟು ಹೋಗಿ. ಗಿಡ ಇದ್ರೆ ನಿಮ್ಮ ಹುಡುಗರು ಇನ್ನೂ ನೂರು ವರ್ಷ ಹುಷಾರಾಗಿ ಸುತ್ತಿ ಹೋಗ್ತಾರೆ."